ವರಲಕ್ಷ್ಮಿಯ ಜಾಗಕ್ಕೆ ಯಾರು?

2024ರ ಜುಲೈ 11ರಂದು ನಟಿ, ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ‘ಮಜಾ ಟಾಕೀಸ್’ನ ವರಲಕ್ಷ್ಮಿ ಇನ್ನಿಲ್ಲವೆಂದು ಅಭಿಮಾನಿಗಳು ಮರುಗಿದರು. 2025ರಲ್ಲಿ ಕಾರ್ಯಕ್ರಮ ಅವರಿಲ್ಲದೆಯೇ ಮರಳಿತು. ಆ ಪಾತ್ರವನ್ನು ಬೇರೆಯವರು ಮಾಡಬಹುದೇ?

ಬೇಡವೆಂಬುದೇ ನಮ್ಮ ಮಾತು. ಅಚ್ಚ ಉಚ್ಚಾರಣೆಗೆ ಹೆಸರಾದ, ಬೆಂಗಳೂರು ಮೆಟ್ರೋದ ಧ್ವನಿಯಾಗಿದ್ದ ನಿರೂಪಕಿಯೇ ಜಂಬದ ಹೆಣ್ಣಾಗಿ ತಮ್ಮ ಗಾಂಭೀರ್ಯವನ್ನು ನಗೆಗೆ ಒಡ್ಡಿದ್ದರು. ಅದೇ ಪಾತ್ರದ ಜೀವ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನಮ್ಮ ಆಡುಮಾತು ಬೇರೆ. ಆದರೂ ನಕ್ಕೆವು, ಏಕೆಂದರೆ ಅವರು ನಕ್ಕಿದ್ದು ತಮ್ಮನ್ನೇ ನೋಡಿ. ಅದನ್ನು ಇನ್ನೊಬ್ಬರು ಮಾಡಿದರೆ ಅನುಕರಣೆಯಷ್ಟೇ ಉಳಿದೀತು.

ಕಾರ್ಯಕ್ರಮ ನಡೆಯಲಿ, ಹೊಸ ಪಾತ್ರ ಬರಲಿ. ಅದು ನಮ್ಮ ಕಡೆಯ ಕನ್ನಡವನ್ನೇ ಆಡಲಿ. ಆದರೆ ಆ ಕನ್ನಡವೇ ನಗೆಪಾಟಲಾಗದಿರಲಿ.