ಮಕೆರೆರೆ ಸಭೆಯ ಅಧಿಕಾರಿನಿರ್ಣಯ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಶಾಸ್ತ್ರಕಾರರ ಸಂಪ್ರದಾಯವು. ವಿದ್ವತ್ಸಭೆಗಳಿಗೂ ಈ ನಿಯಮವು ಸಲ್ಲುವುದು. ಮೊದಲಿನ ಮೂರನ್ನು ಆಮಂತ್ರಣಪತ್ರಿಕೆಯಲ್ಲಿ ವಿಸ್ತಾರವಾಗಿ ಅಚ್ಚುಹಾಕಿಸುವರು. ನಾಲ್ಕನೆಯದನ್ನು ಮಾತ್ರ ಪ್ರಯಾಣವೆಚ್ಚವನ್ನು ಕೊಡುವವರು ಸದ್ದಿಲ್ಲದೆ ನಿರ್ಣಯಿಸಿಬಿಡುವರು. ಆಫ್ರಿಕಾ ಸಾಹಿತ್ಯದ ವಿಮರ್ಶೆಯಲ್ಲಿ ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ಭಾಷಾವಿವಾದಕ್ಕೆ ಬೀಜವು ಇಲ್ಲಿಯೇ ಇರುವುದು.

1962ನೆಯ ಜೂನ್ ತಿಂಗಳಲ್ಲಿ ಯುಗಾಂಡಾ ದೇಶದ ಕಂಪಾಲಾ ನಗರದಲ್ಲಿ, ಮಕೆರೆರೆ ವಿಶ್ವವಿದ್ಯಾಲಯ ಕಾಲೇಜಿನೊಳಗೆ, ಲೇಖಕರ ಸಭೆಯೊಂದು ನೆರೆಯಿತು. ಚಿನುವಾ ಅಚೆಬೆ, ವೊಲೆ ಸೋಯಿಂಕಾ, ಕ್ರಿಸ್ಟಫರ್ ಒಕಿಗ್ಬೊ ಮೊದಲಾದವರು ಅದರಲ್ಲಿ ಸೇರಿದ್ದರು. ಧನಸಹಾಯವು ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ ಎಂಬ ಸಂಸ್ಥೆಯದು. ಆ ಸಂಸ್ಥೆಗೆ ಅಮೆರಿಕದ ಗೂಢಚಾರ ಇಲಾಖೆಯಿಂದ ಗುಪ್ತವಾಗಿ ಹಣವು ಬರುತ್ತಿದ್ದಿತೆಂಬುದು 1966-67ರಲ್ಲಿ ಬಯಲಾಯಿತು.

ಧನದ ಮೂಲವು ದುಷ್ಟವಾದುದರಿಂದ ಸಭೆಯೂ, ಸಭೆಗೆ ಬಂದವರ ಕೃತಿಗಳೂ ದುಷ್ಟವೆಂಬುದು ಕೆಲವರ ಪಕ್ಷವು. ಇದು ನಿಲ್ಲತಕ್ಕುದಲ್ಲ. ಅಚೆಬೆಯವರ ಮೊದಲನೆಯ ಕಾದಂಬರಿಯು 1958ರಲ್ಲಿಯೇ ಇಂಗ್ಲಿಷಿನಲ್ಲಿ ಹೊರಬಿದ್ದಿತ್ತು. ಕಾರ್ಯವು ಕಾರಣಕ್ಕಿಂತ ಮೊದಲು ಹುಟ್ಟುವುದುಂಟೆ? ಮತ್ತು ಇದೇ ಸಭೆಯಲ್ಲಿ ಕುಳಿತಿದ್ದ ಸೋಯಿಂಕಾ ಅವರು ಫಗುನ್ವಾ ಅವರ 1938ರ ಯೊರುಬಾ ಕಥಾಗ್ರಂಥವನ್ನು 1968ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದರು. ಹಣ ಕೊಟ್ಟವರ ಅಭಿಪ್ರಾಯವು ಉಂಡವರ ಬುದ್ಧಿಯನ್ನು ಕಟ್ಟಿಹಾಕಲಿಲ್ಲವೆಂಬುದಕ್ಕೆ ಇದಕ್ಕಿಂತಲೂ ಬೇರೆ ಪ್ರಮಾಣವು ಬೇಕಿಲ್ಲ.

ದೋಷವಿರುವುದು ಸಭೆಯ ಹೆಸರಿನಲ್ಲಿ. ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕಾ ಲೇಖಕರ ಸಭೆಯೆಂದು ಅದನ್ನು ಕರೆದರು. ಆ ಒಂದು ವಿಶೇಷಣದಿಂದ ಅಧಿಕಾರನಿರ್ಣಯವು ಮುಗಿದುಹೋಯಿತು. ಪರಭಾಷೆಯನ್ನು ವಿಚಾರವಿಲ್ಲದೆ ಒಪ್ಪಿಕೊಳ್ಳುವುದು ದಾರಿ ತಪ್ಪಿದ ನಡೆಯೆಂದು ನೈಜೀರಿಯಾದ ಒಬಿ ವಾಲಿಯವರು 1963ರಲ್ಲಿ ‘ಟ್ರಾನ್ಸಿಷನ್’ ಪತ್ರಿಕೆಯಲ್ಲಿ ಆಕ್ಷೇಪಿಸಿದರು. ಕೆನ್ಯಾ ದೇಶದ ಗೂಗಿ ವಾ ಥಿಯೊಂಗೊ ಅವರು 1986ರ ತಮ್ಮ ಪ್ರಬಂಧಸಂಗ್ರಹದಲ್ಲಿ ಇದನ್ನೇ ತೀಕ್ಷ್ಣಗೊಳಿಸಿ, ಎರಡು ಸಣ್ಣಕಥೆಗಳನ್ನು ಇಂಗ್ಲಿಷಿನಲ್ಲಿ ಅಚ್ಚುಮಾಡಿಸಿದ್ದ ವಿದ್ಯಾರ್ಥಿಯಾದ ತಮಗೆ ಸಭೆಯ ಅರ್ಹತೆಯು ದೊರೆಯಿತು. ಸ್ವಾಹಿಲಿಯ ಮಹಾಕವಿ ಶಾಬಾನ್ ರಾಬರ್ಟ್ ಅವರಿಗಾಗಲಿ ಫಗುನ್ವಾ ಅವರಿಗಾಗಲಿ ಅದು ದೊರೆಯಲಾರದಾಯಿತು, ಎಂದಿರುವರು.

ಶಾಬಾನ್ ರಾಬರ್ಟ್ ಅವರು ಅದೇ ಜೂನ್ ತಿಂಗಳಲ್ಲಿ ಗತಿಸಿದರಷ್ಟೆ, ಕರೆದಿದ್ದರೂ ಬರುವಂತಿದ್ದರೆ ಎಂದು ಕೇಳಬಹುದು. ಈ ಶಂಕೆಯು ಗೂಗಿಯವರ ಮಾತನ್ನು ತಟ್ಟದು. ಅಧಿಕಾರವು ಬೇರೆ, ಪ್ರವೃತ್ತಿಯು ಬೇರೆ. ರೋಗಿಯು ಯಾಗಶಾಲೆಗೆ ಬರಲಾರದೆ ಹೋಗುವುದು ಒಂದು. ಅವನನ್ನು ಯಾಗಕ್ಕೆ ಅನಧಿಕಾರಿಯೆನ್ನುವುದು ಮತ್ತೊಂದು. ಗೂಗಿಯವರು ಎತ್ತಿ ತೋರಿಸಿದ್ದು ಎರಡನೆಯದನ್ನು.

ಇಂತಹ ಸಭೆಯ ಫಲವನ್ನು ಬಂಡಿಬಾಡಿಗೆಯ ಲೆಕ್ಕದಲ್ಲಿ ಅಳೆಯಲಾಗದು. ಗೂಗಿಯವರು ತಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಅಚೆಬೆಯವರಿಗೆ ತೋರಿಸಿದುದು ಆ ಸಭೆಯಲ್ಲಿ. ಅದು ಹೈನ್‌ಮನ್ ಪ್ರಕಾಶನದ ಆಫ್ರಿಕಾ ಲೇಖಕರ ಮಾಲೆಯನ್ನು ಸೇರಿ 1964ರಲ್ಲಿ ಹೊರಬಂದಿತು. ಪರಿಚಯ, ಪ್ರಕಾಶಕ, ಪಾಠಪಟ್ಟಿ ಇವು ಒಂದರ ಹಿಂದೊಂದು ಬರುವುವು. ಬಾಗಿಲಿನ ಹೊರಗೆ ನಿಂತ ಭಾಷೆಗೆ ಈ ಪರಂಪರೆಯೇ ಇಲ್ಲ. ಇಂಗ್ಲಿಷನ್ನು ಆಫ್ರಿಕಾದ ಅನುಭವಕ್ಕೆ ಬಗ್ಗಿಸಿಕೊಳ್ಳಬಹುದೆಂದು ಅಚೆಬೆಯವರು ಕೊಟ್ಟ ಸಮಾಧಾನವು ಕವಿಯ ಸಾಮರ್ಥ್ಯಕ್ಕೆ ಸಂಬಂಧಿಸಿದುದೇ ಹೊರತು ಈ ಆಕ್ಷೇಪಕ್ಕೆ ಉತ್ತರವಲ್ಲ.

ಧನವು ಸ್ವದೇಶೀಯರ ಕೈಗೆ ಬಂದಮಾತ್ರಕ್ಕೆ ದೋಷವು ತೀರುವುದೆಂದೂ ತಿಳಿಯಲಾಗದು. 1973ರಲ್ಲಿ ಸ್ಥಾಪಿತವಾಗಿ, ಸೆನೆಗಲ್ ದೇಶದ ಡಕಾರಿನಲ್ಲಿ ಕೇಂದ್ರವುಳ್ಳ ‘ಕೊಡೆಸ್ರಿಯಾ’ ಸಂಸ್ಥೆಯು ಆಫ್ರಿಕಾದ ವಿದ್ವಾಂಸರೇ ನಡೆಯಿಸುವಂತಹುದು; ತರುಣ ಸಂಶೋಧಕರಿಗೆ ಅದರ ಸಹಾಯವು ಬಹಳವಾಗಿ ಒದಗಿದೆ. ಆದರೂ ಅದರ ವ್ಯವಹಾರಭಾಷೆಗಳು ಇಂಗ್ಲಿಷು, ಫ್ರೆಂಚು, ಪೋರ್ಚುಗೀಸು, ಅರಬ್ಬಿಗಳು. ಸ್ವಾಹಿಲಿಯೂ ಯೊರುಬಾವೂ ಅವುಗಳಲ್ಲಿಲ್ಲ. ಗಿಕುಯು ಭಾಷೆಯಲ್ಲಿ ಬರೆದ ಪ್ರಬಂಧವನ್ನು ಪರೀಕ್ಷಿಸಬಲ್ಲ ಇಬ್ಬರು ವಿದ್ವಾಂಸರಿಗೂ, ಅದನ್ನು ಸಭೆಗೆ ತಿಳಿಯಹೇಳುವ ದುಭಾಷಿಗೂ ತಗಲುವ ಸಂಭಾವನೆಯನ್ನು ಪ್ರಯಾಣವೆಚ್ಚದ ಪಕ್ಕದಲ್ಲಿಯೇ ಬರೆದಿಡದ ಆಯವ್ಯಯಪಟ್ಟಿಯು, ಯಾರ ಹಣದ್ದಾದರೂ, ಮಕೆರೆರೆಯ ಪಟ್ಟಿಯೇ ಆಗಿರುವುದು.