ಮಟೀರಿಯಾ: ಹರಳು ಜೋಡಿಸುವ ಕಲೆ

ಜಪಾನಿನ ಸ್ಕ್ವೇರ್ ಕಂಪನಿ 1997ರಲ್ಲಿ ಪ್ಲೇಸ್ಟೇಷನ್‌ಗೆಂದು ಹೊರತಂದ ‘ಫೈನಲ್ ಫ್ಯಾಂಟಸಿ ಸೆವೆನ್’ ಆಡಲು ಕೂತವರು ಕಥೆಗೆ, ಸಂಗೀತಕ್ಕೆ ಬೇಗ ಮನಸೋಲುತ್ತಾರೆ. ಮೆನುವಿನಲ್ಲಿರುವ ಮಟೀರಿಯಾ ಪುಟವನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತಾರೆ. ಹೊಸಬರೇ, ಅಲ್ಲಿ ಸ್ವಲ್ಪ ನಿಲ್ಲಿ. ಈ ಗೇಮಿನ ಅರ್ಧ ರುಚಿ ಆ ಪುಟದಲ್ಲೇ ಇದೆ.

ಮೊದಲು ಬಣ್ಣ ಗುರುತಿಸಿ. ಮಟೀರಿಯಾ ಎಂದರೆ ಮಂತ್ರಶಕ್ತಿ ತುಂಬಿದ ಹರಳು. ಹಸಿರಿನಲ್ಲಿ ಬೆಂಕಿ, ಮಿಂಚು, ಚಿಕಿತ್ಸೆಯಂಥ ಮಂತ್ರಗಳಿವೆ. ಕೆಂಪು ಹರಳು ಮಹಾಶಕ್ತಿಗಳನ್ನು ಕರೆಸುತ್ತದೆ. ಹಳದಿಯಿಂದ ಕಾದಾಟದಲ್ಲಿ ಹೊಸ ಪಟ್ಟುಗಳು ಸಿಗುತ್ತವೆ. ನೇರಳೆ ಧರಿಸಿದವರ ಸಾಮರ್ಥ್ಯ ಹೆಚ್ಚಿಸುತ್ತದೆ. ನೀಲಿ ಒಂಟಿಯಾಗಿದ್ದರೆ ನಿಷ್ಪ್ರಯೋಜಕ. ಅದರ ಕೆಲಸವೆಲ್ಲ ಪಕ್ಕದ ಹರಳಿನ ಗುಣವನ್ನು ಹಿಗ್ಗಿಸುವುದು, ತಿರುಗಿಸುವುದು. ರಸಿಕರ ಕಣ್ಣು ಮೊದಲು ಹುಡುಕುವುದು ಈ ನೀಲಿಯನ್ನೇ.

ಆಮೇಲೆ ಜೋಡಿ ನೋಡಿ. ಕಥಾನಾಯಕ ಕ್ಲೌಡ್‌ನ ಬಸ್ಟರ್ ಕತ್ತಿಯಲ್ಲಿ ಹರಳು ಕೂರಿಸಲು ಇರುವುದು ಎರಡೇ ಸ್ಲಾಟ್; ಆದರೆ ಎರಡನ್ನೂ ಒಂದು ಗೆರೆ ಕೂಡಿಸಿದೆ. ಅಲ್ಲಿ ಹಸಿರು ‘ರಿಸ್ಟೋರ್’ ಒಂದನ್ನೇ ಇಟ್ಟರೆ ಒಬ್ಬರ ಗಾಯ ಮಾಯುತ್ತದೆ. ಪಕ್ಕದಲ್ಲಿ ನೀಲಿ ‘ಆಲ್’ ಇಟ್ಟರೆ ಅದೇ ಮಂತ್ರ ಇಡೀ ತಂಡಕ್ಕೆ ತಗಲುತ್ತದೆ. ಇನ್ನೊಂದು ನೀಲಿ ಹರಳು ‘ಎಲಿಮೆಂಟಲ್’ ಇನ್ನೂ ಸೊಗಸು. ‘ಫೈರ್’ ಜೊತೆ ಅದನ್ನು ಕತ್ತಿಯಲ್ಲಿ ಕೂರಿಸಿದರೆ ಪ್ರತಿ ಏಟಿಗೂ ಬೆಂಕಿ ಸೇರುತ್ತದೆ. ಅದೇ ಜೋಡಿಯನ್ನು ರಕ್ಷೆಯ ಕೈಬಳೆಗೆ ಸಾಗಿಸಿದರೆ ಶತ್ರುವಿನ ಬೆಂಕಿಯ ಏಟು ಅರ್ಧಕ್ಕಿಳಿಯುತ್ತದೆ. ಹರಳು ಪಳಗಿದ ಮೇಲೆ ಆ ಬೆಂಕಿಯೇ ನಿಮಗೆ ಜೀವ ತುಂಬುತ್ತದೆ. ಹರಳು ಎರಡೇ, ಕೂತ ಜಾಗ ಬೇರೆ, ಫಲ ತಿರುಗುಮುರುಗು. ಈ ಕಲೆಯ ತಿರುಳೇ ಇದು: ಹರಳಿನ ಬೆಲೆ ತಿಳಿಯುವುದು ಅದರ ನೆರೆಯಿಂದ.

ತೆರಬೇಕಾದ್ದನ್ನೂ ಗಮನಿಸಿ. ‘ಫೈರ್’ ಧರಿಸಿದವರ ಮಂತ್ರಬಲ ಏರುತ್ತದೆ, ತೋಳ್ಬಲವೂ ಎಚ್‌ಪಿ ಎಂಬ ಜೀವಬಲವೂ ತುಸು ಇಳಿಯುತ್ತವೆ. ಹಾಗಾಗಿ ಸಿಕ್ಕ ಹಸಿರನ್ನೆಲ್ಲ ಒಬ್ಬರಿಗೇ ಹೇರಿದರೆ ಅವರು ಬೇಗ ನೆಲಕಚ್ಚುತ್ತಾರೆ. ಗೆದ್ದ ಕಾದಾಟಗಳಿಂದ ಹರಳುಗಳೂ ಬೆಳೆಯುತ್ತವೆ. ಪೂರ್ತಿ ಬೆಳೆದದ್ದು ತನ್ನಂಥದೇ ಇನ್ನೊಂದು ಹರಳನ್ನು ಹೆರುತ್ತದೆ. ಕೊನೆಯ ಹಂತದ ‘ಅಲ್ಟಿಮಾ ವೆಪನ್’ ಕತ್ತಿಗೆ 8 ಸ್ಲಾಟ್‌ಗಳಿವೆ, ಆದರೆ ಅಲ್ಲಿ ಕೂತ ಹರಳಿಗೆ ಬೆಳವಣಿಗೆಯೇ ಇಲ್ಲ. ಇಂದಿನ ಬಲ ಬೇಕೋ ನಾಳಿನ ಫಸಲು ಬೇಕೋ ಎಂಬುದನ್ನು ನೀವೇ ತೀರ್ಮಾನಿಸಬೇಕು.

ಕಥೆಯೊಂದಿಗೆ ಕೂಡಿಸಿ ಓದಿ. ಆ ಲೋಕದ ನೆಲದೊಳಗೆ ಹರಿಯುವ ಜೀವಸತ್ವವೇ ಮಾಕೋ; ಅದು ಗಟ್ಟಿಯಾದಾಗ ಮಟೀರಿಯಾ. ಶಿನ್ರಾ ಕಂಪನಿ ಅದೇ ಮಾಕೋವನ್ನು ಹೀರಿ ವಿದ್ಯುತ್ ಮಾಡುತ್ತದೆ, ನಾಯಕರು ಅದರ ವಿರುದ್ಧ ಸೆಣಸುತ್ತಾರೆ. ಅವರ ಆಯುಧದಲ್ಲಿ ಹೊಳೆಯುವುದೂ ಅದೇ ಸತ್ವ ಎಂಬುದು ಹೊಳೆದಾಗ ಮೆನುವಿಗೂ ಕಥೆಗೂ ನಡುವಿನ ಗೋಡೆ ಬೀಳುತ್ತದೆ.

ಇನ್ನು ಆಡಿ. ಕೂರಿಸಿದ ಹರಳನ್ನು ಖರ್ಚಿಲ್ಲದೆ ತೆಗೆಯಬಹುದು, ಆದ್ದರಿಂದ ಹೆದರಿಕೆ ಬೇಡ. ಬಾಸ್ ಎದುರು ಸೋತರೆ ಲೆವೆಲ್ ಏರಿಸಲು ಓಡುವ ಮುನ್ನ ಜೋಡಿಗಳನ್ನು ಬದಲಿಸಿ ನೋಡಿ.