ಕರಾರು ಮತ್ತು ಬೇಕರಾರು

ಉರ್ದು ಮತ್ತು ಕನ್ನಡ ಎರಡರಲ್ಲೂ ಅಕ್ಷರ ಕಲಿತವರಿಗೆ ಒಂದು ಅನುಕೂಲವಿದೆ. ಶಬ್ದವೊಂದು ಆ ಮನೆಯಿಂದ ಈ ಮನೆಗೆ ಬರುವಾಗ ದಾರಿಯಲ್ಲಿ ಏನನ್ನು ಕಳೆದುಕೊಂಡಿತು ಎಂಬುದು ಅವರಿಗೆ ಬೇಗ ಗೊತ್ತಾಗುತ್ತದೆ. ‘ಕರಾರ್’ ಎಂದರೆ ಉರ್ದುವಿನಲ್ಲಿ ಒಪ್ಪಂದವೂ ಹೌದು, ಮನಸ್ಸಿನ ನೆಮ್ಮದಿಯೂ ಹೌದು. ನೆಮ್ಮದಿ ಇಲ್ಲದವನು ಬೇಕರಾರ್. ಕನ್ನಡಕ್ಕೆ ಬಂದ ಕರಾರು ನೆಮ್ಮದಿಯನ್ನು ಅಲ್ಲೇ ಬಿಟ್ಟು ಛಾಪಾ ಕಾಗದವನ್ನಷ್ಟೇ ಹೊತ್ತು ತಂದಿತು. ‘ವಾದಾ’ ಅಲ್ಲಿ ಕೊಟ್ಟ ಮಾತು. ಇಲ್ಲಿ ‘ವಾಯಿದೆ’ ಎಂದರೆ ಮುಗಿಯುವ ದಿನ. ನಮ್ಮ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರೊಡನೆ ಮಾಡಿಕೊಳ್ಳುವ ಕರಾರುಗಳನ್ನು ಕುರಿತು ಯೋಚಿಸುವಾಗ ಈ ಎರಡು ಶಬ್ದಗಳು ನಮ್ಮನ್ನು ಬಿಡದೆ ಕಾಡಿದವು.

ಚನ್ನಗಿರಿ, ಹೊನ್ನಾಳಿ ಕಡೆಯ ಓದುಗರು ನಮಗೂ ಫುಟ್‌ಬಾಲಿಗೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಹುಡುಗರು ಮೆಸ್ಸಿಯ ಹೆಸರಿನ ಅಂಗಿ ತೊಟ್ಟು ಕ್ರಿಕೆಟ್ ಆಡುವವರು. ಆದರೆ ನ್ಯಾಮತಿಯ ಕಾಲೇಜಿನಲ್ಲಿ ಪಾಠ ಹೇಳುವ ಅತಿಥಿ ಉಪನ್ಯಾಸಕರಿಂದ ಹಿಡಿದು ಆಸ್ಪತ್ರೆಯ ಕಸ ಗುಡಿಸುವವರವರೆಗೆ ಎಲ್ಲರೂ ಗುತ್ತಿಗೆಯ ಮೇಲೆ ಇರುವ ಕಾಲವಿದು. ಕೋಟಿಗಳಲ್ಲಿ ಎಣಿಸುವ ಆಟಗಾರನ ಗುತ್ತಿಗೆಯೂ ಒಂದು ಬೆಳಗ್ಗೆ ಹೇಗೆ ಕಾಗದದ ಚೂರಾಗುತ್ತದೆ ಎಂಬುದನ್ನು ನೋಡಿದರೆ ನಮ್ಮ ಗುತ್ತಿಗೆಗಳೂ ಸ್ವಲ್ಪ ಅರ್ಥವಾದಾವು.

2025ರ ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಜೆಎಸ್‌ಡಬ್ಲ್ಯೂ ಉಕ್ಕಿನ ಕಂಪನಿ 2013ರಲ್ಲಿ ಕಟ್ಟಿದ ಈ ಕ್ಲಬ್ ಬಡವರ ಕ್ಲಬ್ ಅಲ್ಲ. ಹುಟ್ಟಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ದೇಶದಲ್ಲಿ ಅಚ್ಚುಕಟ್ಟಾಗಿ ನಡೆಯುವ ಕ್ಲಬ್ ಯಾವುದು ಎಂದು ಕೇಳಿದರೆ ಬಹುಮಂದಿ ಇದನ್ನೇ ತೋರಿಸುತ್ತಿದ್ದರು. ಅಂಥದ್ದೇ ಸಂಬಳ ನಿಲ್ಲಿಸಿದಾಗ ಆಟಗಾರರ ಕೈಯಲ್ಲಿ ಎರಡು ವರ್ಷದ, ಮೂರು ವರ್ಷದ ಕರಾರುಗಳಿದ್ದವು. ಕರಾರು ಇತ್ತು, ಆದರೆ ಅವರು ಬೇಕರಾರ್.

ಕಾರಣವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2010ರ ಡಿಸೆಂಬರಿನಲ್ಲಿ ಐಎಂಜಿ-ರಿಲಯನ್ಸ್ ಜತೆ 15 ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು. ಭಾರತದ ಫುಟ್‌ಬಾಲಿನ ವಾಣಿಜ್ಯ ಹಕ್ಕುಗಳೆಲ್ಲ ಆ ಕಡೆಗೆ, ಪ್ರತಿಯಾಗಿ ಫೆಡರೇಶನ್ನಿಗೆ ಹಣ. 2014ರಲ್ಲಿ ಶುರುವಾದ ಐಎಸ್‌ಎಲ್ ನಿಂತಿದ್ದು ಈ ಕಾಗದದ ಮೇಲೆ. ಅದರ ವಾಯಿದೆ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಫೆಡರೇಶನ್ನಿನ ಸಂವಿಧಾನದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಹೊಸ ಒಪ್ಪಂದದ ಮಾತುಕತೆ ನಿಂತಿತು. ಜುಲೈನಲ್ಲಿ ಲೀಗ್ ನಡೆಸುವ ಸಂಸ್ಥೆ ಮುಂದಿನ ಋತುವನ್ನು ತಡೆಹಿಡಿಯಿತು. ಲೀಗ್ ಇಲ್ಲವೆಂದರೆ ಟಿಕೆಟ್ ಇಲ್ಲ, ಜಾಹೀರಾತಿಲ್ಲ, ಸಂಬಳಕ್ಕೆ ಎಲ್ಲಿಂದ ತರುವುದು ಎಂಬುದು ಕ್ಲಬ್ಬುಗಳ ವಾದ. ನವೆಂಬರಿನಲ್ಲಿ ಹಕ್ಕುಗಳಿಗೆ ಟೆಂಡರ್ ಕರೆದರೆ ಒಬ್ಬನೂ ಬರಲಿಲ್ಲ. ಸುನಿಲ್ ಛೆಟ್ರಿಯಂಥವರು ಆಡಲು ಬಿಡಿ ಎಂದು ಬಹಿರಂಗವಾಗಿ ಬೇಡಬೇಕಾಯಿತು. ಕಡೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಮಧ್ಯೆ ಬಂದು, ಫೆಬ್ರವರಿ 14ರಿಂದ ಚಿಕ್ಕದೊಂದು ಋತು ನಡೆಯುತ್ತದೆ ಎಂದು ಪ್ರಕಟಿಸಿದರು.

ಇಲ್ಲಿ ನಮ್ಮ ತಕರಾರು ಬೇರೆ. 15 ವರ್ಷದ ಒಪ್ಪಂದದ ಕೊನೆಯ ದಿನ ಗುಟ್ಟಾಗಿರಲಿಲ್ಲ. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನೋಡಬಹುದಿತ್ತು. ಮೇಲಿನ ಕರಾರು 2025ಕ್ಕೆ ಮುಗಿಯುತ್ತದೆಂದು ಗೊತ್ತಿದ್ದೂ ಕೆಳಗೆ 2026ರವರೆಗೆ, 2027ರವರೆಗೆ ಎಂದು ಸಹಿ ಹಾಕಿಸಿದವರು ಆಟಗಾರರಿಗೆ ಏನನ್ನು ಕೊಟ್ಟರು? ತಾನು ಎರಡು ವರ್ಷಕ್ಕೆ ಬಾಡಿಗೆಗೆ ಹಿಡಿದ ಮನೆಯನ್ನು ಇನ್ನೊಬ್ಬನಿಗೆ ನಾಲ್ಕು ವರ್ಷಕ್ಕೆ ಒಳಬಾಡಿಗೆ ಕೊಟ್ಟಂತೆ ಇದು.

ನಾವು ಕತೆ ಬರೆಯುವವರು. ಕರಾರುಪತ್ರವನ್ನೂ ಒಂದು ಕತೆಯಂತೆ ಓದುವುದು ನಮ್ಮ ಚಾಳಿ. ಹಾಗೆ ಓದಿದರೆ, ಒಂದೇ ಪತ್ರದಲ್ಲಿ ಎರಡು ಬೇರೆ ಕತೆಗಳಿವೆ. ಆಟಗಾರನ ಮಟ್ಟಿಗೆ ಅವಧಿ ಎಂದರೆ ಎಷ್ಟು ತಿಂಗಳು ಮನೆಗೆ ಅಕ್ಕಿ ಬರುತ್ತದೆ ಎಂಬುದು. ಕ್ಲಬ್ಬಿನ ಮಟ್ಟಿಗೆ ಅವಧಿ ಎಂದರೆ ಎಷ್ಟು ವರ್ಷ ಇವನನ್ನು ಬೇರೆಯವರು ಕೊಳ್ಳದೆ ಒಯ್ಯಲಾರರು ಎಂಬುದು. 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಬೋಸ್ಮನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ, ಕರಾರು ಮುಗಿದವನನ್ನು ಹಣ ಕೊಡದೆಯೇ ಕರೆದೊಯ್ಯಬಹುದು ಎಂದಿತು. ಅಂದಿನಿಂದ ಕರಾರಿನ ಉದ್ದವೇ ಕ್ಲಬ್ಬಿನ ಆಸ್ತಿಯಾಯಿತು. ಫಿಫಾ ನಿಯಮದ ಪ್ರಕಾರ ಕರಾರು ಸಾಮಾನ್ಯವಾಗಿ ಐದು ವರ್ಷ ಮೀರುವಂತಿಲ್ಲ, 18 ತುಂಬದವರಿಗೆ ಮೂರು ವರ್ಷ. ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನೊಡನೆ ಮಾತಾಡಬಹುದು. ಎರಡು ತಿಂಗಳ ಸಂಬಳ ಬಾಕಿ ಉಳಿದರೆ 15 ದಿನದ ನೋಟಿಸ್ ಕೊಟ್ಟು ಹೊರಬರಬಹುದು. ನಿಯಮ ಚೆನ್ನಾಗಿದೆ. ಆದರೆ ದೇಶದ ಲೀಗೇ ನಿಂತಿರುವಾಗ ಹೊರಗೆ ಬಂದು ಹೋಗುವುದೆಲ್ಲಿಗೆ?

ಐದು ವರ್ಷದ ಮಿತಿಗೂ ಕಿಂಡಿ ಇದೆ. ದೇಶದ ಕಾನೂನು ಒಪ್ಪಿದರೆ ಮೀರಬಹುದು. ಇಂಗ್ಲೆಂಡಿನ ಚೆಲ್ಸಿ 2023ರ ಜನವರಿಯಲ್ಲಿ ಉಕ್ರೇನಿನ ಮುದ್ರಿಕ್‌ನನ್ನು ಎಂಟೂವರೆ ವರ್ಷಕ್ಕೆ ಕಟ್ಟಿಹಾಕಿತು. ಅದು ಪ್ರೀತಿಯ ಕಟ್ಟಲ್ಲ, ಲೆಕ್ಕದ್ದು. ಆಟಗಾರನನ್ನು 80 ಕೋಟಿಗೆ ಕೊಂಡರೆಂದು ಇಟ್ಟುಕೊಳ್ಳಿ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 16 ಕೋಟಿ ಖರ್ಚು ತೋರಿಸಬೇಕು, ಎಂಟು ವರ್ಷಕ್ಕೆ ಹಂಚಿದರೆ 10 ಕೋಟಿ. ಉಳಿದ 6 ಕೋಟಿಯ ಜಾಗದಲ್ಲಿ ಇನ್ನೊಬ್ಬನನ್ನು ಕೊಳ್ಳಬಹುದು. ಅದೇ ವರ್ಷ ಯುಇಎಫ್ಎ, ನಿಮ್ಮ ಕರಾರು ಎಷ್ಟೇ ಉದ್ದವಿರಲಿ ಲೆಕ್ಕಕ್ಕೆ ಐದೇ ವರ್ಷ ಎಂದು ಕಟ್ಟಳೆ ಮಾಡಿತು.

ನಮ್ಮಲ್ಲೂ ಉದ್ದದ ಕರಾರುಗಳು ಬಂದಿವೆ. ರಕ್ಷಣಾ ಆಟಗಾರ ಅನ್ವರ್ ಅಲಿ, ದೆಹಲಿ ಎಫ್‌ಸಿಯಿಂದ ಮೋಹನ್ ಬಾಗಾನ್‌ಗೆ ನಾಲ್ಕು ವರ್ಷದ ಎರವಲಿನಲ್ಲಿ ಹೋದವರು, 2024ರಲ್ಲಿ ಮಧ್ಯದಲ್ಲೇ ಅದನ್ನು ಮುರಿದು ಈಸ್ಟ್ ಬೆಂಗಾಲ್ ಸೇರಿದರು. ಫೆಡರೇಶನ್ನಿನ ಸಮಿತಿ ಅವರನ್ನು ನಾಲ್ಕು ತಿಂಗಳು ಹೊರಗಿಟ್ಟು, 12.9 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋಗಿ ಆ ಆದೇಶ ಉಳಿಯಲಿಲ್ಲ. ಯಾರು ಸರಿ ಎಂಬ ಪ್ರಶ್ನೆಯನ್ನು ವಕೀಲರಿಗೆ ಬಿಡೋಣ. ನಮ್ಮ ಕಣ್ಣಿಗೆ ಬಿದ್ದದ್ದು ತಕ್ಕಡಿ. ಆಟಗಾರ ಕರಾರು ಮುರಿದಾಗ ಕೋಟಿಗಳ ದಂಡದ ಮಾತು ಕೆಲವೇ ವಾರಗಳಲ್ಲಿ ಬಂತು. ಮರುವರ್ಷ ಕ್ಲಬ್ಬುಗಳು ಸಂಬಳ ನಿಲ್ಲಿಸಿದಾಗ ಬಂದದ್ದು ಸಹಾನುಭೂತಿಯ ಮಾತು.

ಕೋಚ್‌ಗಳ ವಿಷಯ ಬೇಗ ಮುಗಿಯುತ್ತದೆ. ಬೆಂಗಳೂರು ಎಫ್‌ಸಿ 2021ರಲ್ಲಿ ಮಾರ್ಕೊ ಪೆಜಾಯೊಲಿಗೆ ಮೂರು ವರ್ಷದ ಕರಾರು ಕೊಟ್ಟಿತು, 2022ರ ಜೂನಿನಲ್ಲಿ ಅವರು ಇರಲಿಲ್ಲ. ಅವರ ಜಾಗಕ್ಕೆ ಬಂದ ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದುಕೊಟ್ಟರೂ 2023ರ ಡಿಸೆಂಬರಿನಲ್ಲಿ ಗಂಟು ಕಟ್ಟಬೇಕಾಯಿತು. ಕೋಚ್‌ನ ಕರಾರಿನ ವರ್ಷಗಳನ್ನು ಯಾರೂ ನಿಜವೆಂದು ಓದುವುದಿಲ್ಲ, ಮದುವೆಯ ಕರೆಯೋಲೆಯಲ್ಲಿ ‘ಸಕಾಲಕ್ಕೆ’ ಎಂದು ಅಚ್ಚು ಹಾಕಿಸಿದಂತೆ.

ಇದಕ್ಕಿಂತ ಹಿಂದಿನ ಬೆಂಗಳೂರಿನಲ್ಲಿ ಬೇರೊಂದು ಬಗೆಯ ಕರಾರು ಇತ್ತು. ಅದನ್ನು ನೆನೆಯದೆ ಈ ಲೇಖನ ಬರೆಯುವಂತಿಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಲ್ಟನ್ನುಗಳ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್. ಮರುವರ್ಷವೂ ಗೆದ್ದಿತು, 1948ರಲ್ಲಿ ಮತ್ತೊಮ್ಮೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಬೆಂಗಳೂರಿನಿಂದ ಈಸ್ಟ್ ಬೆಂಗಾಲ್‌ಗೆ ಹೋಗಿ, ಅಲ್ಲಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. ಬಂಗಾಳದ ಜನ ಅಹ್ಮದ್, ಸಾಲೆ ಎಂಬ ಹೆಸರಿನವರನ್ನೂ ಪಾಂಡವರಲ್ಲಿ ಸೇರಿಸಿಕೊಂಡಿದ್ದರು ಎಂಬುದನ್ನು ಇಂದಿನ ದಿನಗಳಲ್ಲಿ ಸುಮ್ಮನೆ ಒಮ್ಮೆ ಹೇಳಿಕೊಳ್ಳಬೇಕೆನಿಸುತ್ತದೆ.

ಆಮೇಲೆ ಬಂದದ್ದು ಕಾರ್ಖಾನೆಗಳ ಕಾಲ. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ ಇವೆಲ್ಲ ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಆಸ್ಟಿನ್ ಟೌನ್, ಗೌತಮಪುರದ ಹುಡುಗನಿಗೆ ಕಾಲು ಗಟ್ಟಿಯಿರುವವರೆಗೆ ಆಟ, ಆಮೇಲೆ ನಿವೃತ್ತಿಯವರೆಗೆ ಕಾರ್ಖಾನೆಯ ಹಾಜರಿ, ಕೊನೆಗೆ ಪಿ.ಎಫ್. ಇದನ್ನು ಯಾರೂ ಫುಟ್‌ಬಾಲ್ ಕರಾರು ಎಂದು ಕರೆಯಲಿಲ್ಲ. ಆದರೆ ಈ ಆಟದ ಚರಿತ್ರೆಯಲ್ಲೇ ಇಷ್ಟು ಉದ್ದದ ಕರಾರು ಇನ್ನೊಂದಿರಲಾರದು. ಅದರ ದೋಷವನ್ನೂ ಬಲ್ಲೆವು. ನೌಕರಿ ಗಟ್ಟಿಯಾದ ಮೇಲೆ ಆಟ ಸಡಿಲಾಗುತ್ತಿತ್ತು, ಹೊಸ ನೇಮಕಾತಿ ನಿಂತ ಮೇಲೆ ತಂಡವೇ ಮುದಿಯಾಯಿತು. ಎಚ್‌ಎಎಲ್ 2011-12ರ ಐ-ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಕುಸಿದು ಹೊರಬಿತ್ತು. ಮರುವರ್ಷ ಜೆಎಸ್‌ಡಬ್ಲ್ಯೂ ಬಂತು. ಕಾರ್ಖಾನೆ ಹೋಗಿ ಕಾರ್ಖಾನೆಯೇ ಬಂತು, ಹಾಜರಿ ಪುಸ್ತಕ ಮಾತ್ರ ಬರಲಿಲ್ಲ.

ಹೊಸ ವ್ಯವಸ್ಥೆಯ ಮೊದಲ ವರ್ಷಗಳು ವಿಚಿತ್ರವಾಗಿದ್ದವು. 2015ರಲ್ಲಿ ಐಎಸ್‌ಎಲ್‌ಗೆ ಹರಾಜು ನಡೆದು, ಬೆಂಗಳೂರಿನ ಛೆಟ್ರಿಯನ್ನು ಮುಂಬಯಿ 1.2 ಕೋಟಿಗೂ ಯುಜೀನ್‌ಸನ್ ಲಿಂಗ್ಡೋ ಅವರನ್ನು ಪುಣೆ 1.05 ಕೋಟಿಗೂ ಕೊಂಡವು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಒಬ್ಬ ಯಜಮಾನ, ಜನವರಿಯಿಂದ ಇನ್ನೊಬ್ಬ.

ಚನ್ನಗಿರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಡಿಕೆ ತೋಟದ ಖೇಣಿ ಅವರಿಗೆ ಗೊತ್ತು. ಖೇಣಿ ಹಿಡಿಯುವವರಲ್ಲಿ ನಮ್ಮವರೂ ಇದ್ದಾರೆ. ಒಂದು ವರ್ಷದ ಫಸಲಿಗೆ ಖೇಣಿ ಹಿಡಿದವನು ಕೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ತನ್ನ ಲೆಕ್ಕ ಮುಗಿಸುತ್ತಾನೆ. ಮರಕ್ಕೆ ಗೊಬ್ಬರ ಹಾಕುವುದು, ಕೊಳವೆಬಾವಿ ಬತ್ತಿದರೆ ಟ್ಯಾಂಕರಿನಲ್ಲಿ ನೀರು ತರುವುದು ತೋಟದವನ ಪಾಡು. ಖೇಣಿದಾರನ ಮೇಲೆ ಯಾರೂ ಇದಕ್ಕಾಗಿ ಸಿಟ್ಟಾಗುವುದಿಲ್ಲ, ಏಕೆಂದರೆ ಅವನು ತಾನು ತೋಟದವನೆಂದು ಹೇಳಿಕೊಳ್ಳುವುದಿಲ್ಲ. ನಮ್ಮ ಕ್ಲಬ್ಬುಗಳು ಮಾತಾಡುವುದು ತೋಟದವರಂತೆ, ಬರ ಬಂದಾಗ ನಡೆದುಕೊಳ್ಳುವುದು ಖೇಣಿದಾರರಂತೆ. ಕನ್ನಡದ ಕ್ರೀಡಾಪುಟಗಳೂ ಆಟಗಾರ ಸಹಿ ಹಾಕುವ ಚಿತ್ರವನ್ನು ಅಚ್ಚು ಹಾಕುತ್ತವೆ. ಅವನ ಮುಂದಿರುವ ಕಾಗದದಲ್ಲಿ ಗಾಯವಾದರೆ ಏನು, ಲೀಗ್ ನಿಂತರೆ ಏನು ಎಂದು ಬರೆದಿದೆಯೇ ಎಂದು ಕೇಳುವ ವರದಿಗಾರರು ವಿರಳ.

ಹಾಗೆಂದು ಬೆಂಗಳೂರು ಎಫ್‌ಸಿಯನ್ನು ಒಂದೇ ಏಟಿಗೆ ತಳ್ಳಿಹಾಕುವವರಲ್ಲ ನಾವು. ಛೆಟ್ರಿಗೆ 37ರ ಹೊಸ್ತಿಲಲ್ಲಿ, 2021ರಲ್ಲಿ, ಇನ್ನೂ ಎರಡು ವರ್ಷದ ಕರಾರು ಕೊಟ್ಟದ್ದು ಇದೇ ಕ್ಲಬ್. ಹಿರಿಯ ಆಟಗಾರನನ್ನು ನಂಬುವುದು ಇಲ್ಲಿ ಅಪರೂಪ. ಸಂಬಳ ತಡೆಹಿಡಿದಾಗಲೂ ಕಿರಿಯರ ತಂಡಗಳನ್ನು ನಿಲ್ಲಿಸಲಿಲ್ಲ.

ಅದೇ ಕಂಪನಿಯ ಕ್ರೀಡಾ ಶಾಲೆ ಬಳ್ಳಾರಿ ಸೀಮೆಯ ವಿಜಯನಗರದಲ್ಲಿದೆ. ಜಗಳೂರಿನಿಂದ ಉತ್ತರಕ್ಕೆ ಹೊರಟು ಕೂಡ್ಲಿಗಿ, ಸಂಡೂರು ದಾಟಿದರೆ ಅಲ್ಲಿಗೆ ಮುಟ್ಟಬಹುದು. ಜಗಳೂರಿನ ಹುಡುಗನೊಬ್ಬ ಆ ದಾರಿ ಹಿಡಿದು ದೊಡ್ಡ ಆಟಗಾರನಾಗಿ, ಒಂದು ದಿನ ಕರಾರು ಮುಗಿಯುವ ಮೊದಲೇ ಹೊರದೇಶಕ್ಕೆ ಮಾರಾಟವಾದನೆಂದು ಇಟ್ಟುಕೊಳ್ಳೋಣ. ಫಿಫಾ ನಿಯಮದಂತೆ ಆ ಹಣದಲ್ಲಿ ನೂರಕ್ಕೆ ಐದು ಪಾಲನ್ನು, ಅವನ 12ನೇ ವಯಸ್ಸಿನಿಂದ 23ರವರೆಗೆ ಅವನನ್ನು ತರಬೇತು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕು. ಹಂಚುವುದು ನೋಂದಾಯಿತ ಕ್ಲಬ್ಬುಗಳಿಗೆ. ಅವನು ಮೊದಲು ಬರಿಗಾಲಲ್ಲಿ ಚೆಂಡು ಒದ್ದ ಸರಕಾರಿ ಶಾಲೆಯ ಮೈದಾನ ಯಾವ ರಿಜಿಸ್ಟರಿನಲ್ಲೂ ಇಲ್ಲ.